ಎರಡು ವರ್ಷದ ಕಂಪ್ಯೂಟರ್ ಪದವಿ: ನಾನು ಓದಿದ್ದು ಹೀಗೆ

ಎರಡು ವರ್ಷ ಅಂದರೆ ನಾಲ್ಕು ಸೆಮಿಸ್ಟರ್. ಅಷ್ಟರಲ್ಲೇ ಹಾರ್ಡ್‌ವೇರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್, ಪ್ರೋಗ್ರಾಮಿಂಗ್, ಮೇಲೆ ಗಣಿತ. ಎಲ್ಲವನ್ನೂ ಒಂದೇ ಸಮ ಓದಲು ಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ. ಹಾಗಾಗಿ ಮೊದಲ ವರ್ಷ ಮುಗಿಯುವಷ್ಟರಲ್ಲಿ ನೆಟ್‌ವರ್ಕನ್ನೇ ಮುಖ್ಯ ಮಾಡಿಕೊಂಡು, ಉಳಿದ ವಿಷಯಗಳನ್ನು ಅದಕ್ಕೆ ಜೋಡಿಸಿಕೊಂಡು ಓದಿದೆ.

ಎಲ್ಲರ ತಲೆ ತಿನ್ನುತ್ತಿದ್ದದ್ದು ಸಬ್‌ನೆಟ್ಟಿಂಗ್, ಅಂದರೆ ಒಂದು ನೆಟ್‌ವರ್ಕನ್ನು ಚಿಕ್ಕ ಚಿಕ್ಕ ಭಾಗಗಳಾಗಿ (ಸಬ್‌ನೆಟ್) ಒಡೆಯುವುದು. ಸೂತ್ರ ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗುತ್ತದೆ, ಅಷ್ಟೇ. ನಾನು ವಿಳಾಸಗಳನ್ನು ಬೈನರಿಗೆ, ಅಂದರೆ 0 ಮತ್ತು 1ರ ಸಾಲಿಗೆ ಬಿಡಿಸಿ ಬರೆಯುತ್ತಿದ್ದೆ. ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಕೊಡುವ ಐಪಿವಿ4 ವಿಳಾಸದಲ್ಲಿ ಇಂಥ 32 ಅಂಕೆ, ಅಂದರೆ 32 ಬಿಟ್ ಇರುತ್ತವೆ. /26 ಎಂದರೆ ಮೊದಲ 26 ಬಿಟ್ ನೆಟ್‌ವರ್ಕಿಗೆ, ಉಳಿದ 6 ಯಂತ್ರಗಳಿಗೆ. ಆರು ಬಿಟ್‌ನಲ್ಲಿ 64 ವಿಳಾಸ. ಮೊದಲನೆಯದು ನೆಟ್‌ವರ್ಕಿನದು, ಕೊನೆಯದು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್, ಬಳಸಲು ಸಿಗುವುದು 62. ಹೀಗೆ ಬರೆದು ಅಭ್ಯಾಸವಾದ ಮೇಲೆ, /26 ಲೆಕ್ಕದಲ್ಲಿ 192.168.1.70 ಮತ್ತು 192.168.1.130 ಬೇರೆ ಬೇರೆ ಸಬ್‌ನೆಟ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಆದರೆ ನಿಜವಾದ ಓದು ನಡೆದದ್ದು ಲ್ಯಾಬ್‌ನಲ್ಲಿ. ಕೇಬಲ್‌ಗೆ ಕನೆಕ್ಟರ್ ಹಾಕುವುದು ಸುಮ್ನೆ ಕೈಕೆಲಸ ಅಂತ ಕೆಲವರು ತಾತ್ಸಾರ ಮಾಡುತ್ತಿದ್ದರು. ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೊಸೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಜೋಡಿಯ ಎರಡೂ ತಂತಿಗೆ ಹೆಚ್ಚುಕಡಿಮೆ ಒಂದೇ ರೀತಿ ತಾಗಲಿ, ಆ ಕಡೆ ಅದನ್ನು ಕಳೆದುಬಿಡಬಹುದು ಅನ್ನೋದು ಅದರ ಹಿಂದಿನ ಲೆಕ್ಕ. ಟಿ568ಬಿ ಅನ್ನುವ ನಿಗದಿತ ಬಣ್ಣದ ಕ್ರಮ ಬಿಟ್ಟು ಎರಡೂ ತುದಿಯಲ್ಲಿ ಒಂದೇ ಥರ ಬಣ್ಣಗಳನ್ನು ಸಾಲಾಗಿ ಜೋಡಿಸಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಲ್ಲ ದೀಪವೂ ಹತ್ತುತ್ತದೆ. ಆದರೆ ಒಂದೇ ಸಂಕೇತದ ಎರಡು ತಂತಿ ಬೇರೆ ಬೇರೆ ಜೋಡಿಗೆ ಸೇರಿ ಜೋಡಿ ಒಡೆದಿರುವುದರಿಂದ ಡೇಟಾ ಹರಿಯುವಾಗ ತಪ್ಪುಗಳು ಶುರುವಾಗುತ್ತವೆ. ಥಿಯರಿ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುವುದು.

ನಮ್ಮ ಮೇಷ್ಟ್ರು ಕ್ಲಾಸಿಗೆ ಮುಂಚೆಯೇ ಬಂದು ಏನಾದರೂ ಕೆಡಿಸಿ ಇಡುತ್ತಿದ್ದರು. ಒಂದು ದಿನ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿ) ವಿಳಾಸ ಬದಲಾಗಿರುತ್ತಿತ್ತು, ಇನ್ನೊಂದು ದಿನ ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ನಿಂತಿರುತ್ತಿತ್ತು. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗುವುದು ನಮ್ಮ ಪದ್ಧತಿಯಾಯಿತು. ಮೊದಲು ಕೇಬಲ್ ಮತ್ತು ಪೋರ್ಟಿನ ದೀಪ, ಆಮೇಲೆ ಐಪಿ. ವಿಳಾಸ 169.254 ಅಂತ ಶುರುವಾಗಿದ್ದರೆ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ ಅಂತ ಅರ್ಥ. ಹೊರಗಿನ ಐಪಿಗೆ ಪಿಂಗ್ (ಆ ಯಂತ್ರ ಉತ್ತರ ಕೊಡುತ್ತದಾ ಅಂತ ನೋಡುವ ಸಣ್ಣ ಸಂದೇಶ) ಹೋಗುತ್ತಿದೆ, ಹೆಸರು ಹಾಕಿದರೆ ಹೋಗುತ್ತಿಲ್ಲ ಅಂದರೆ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಕಡೆ ನೋಡಬೇಕು. ಕಂಡ ದೋಷ, ಅದರ ಲಕ್ಷಣ, ಪರಿಹಾರ, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಪಠ್ಯಪುಸ್ತಕಕ್ಕಿಂತ ಅದನ್ನೇ ಜಾಸ್ತಿ ತಿರುವಿದ್ದು.

ಮನೆಯಲ್ಲಿ ವರ್ಚುವಲ್‌ಬಾಕ್ಸ್ ಸಾಕಾಯಿತು, ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಅದು. ಒಂದೇ ಲ್ಯಾಪ್‌ಟಾಪಿನೊಳಗೆ ಲಿನಕ್ಸ್ ಸರ್ವರ್, ಕ್ಲೈಂಟ್, ಮಧ್ಯೆ ಒಂದು ರೂಟರ್. ಆ ಕ್ಷಣದ ಸ್ಥಿತಿಯ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನು ಕೆಡಿಸಿದರೂ ಹಿಂದಕ್ಕೆ ಹೋಗಬಹುದು, ಹೆದರಿಕೆಯೇ ಇಲ್ಲ.

ಪ್ರೋಗ್ರಾಮಿಂಗ್‌ನಲ್ಲಿ ನಾನು ಸಾಧಾರಣ. ಆದರೂ ಪ್ರಾಜೆಕ್ಟಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಲ್ಯಾಬ್‌ನ ಯಂತ್ರಗಳಿಗೆ ಆಗಾಗ ಪಿಂಗ್ ಕಳಿಸಿ ಫಲಿತಾಂಶವನ್ನು ಡೇಟಾಬೇಸಿಗೆ ಹಾಕುವುದು ಅದರ ಕೆಲಸ. ಯಂತ್ರಗಳಿಗೆ ಒಂದು ಟೇಬಲ್, ಪಿಂಗ್ ದಾಖಲೆಗೆ ಇನ್ನೊಂದು. ಎರಡು ಟೇಬಲ್ ಸೇರಿಸಿ ನೋಡುವ ಜಾಯಿನ್ ಅಂದರೆ ಏನು ಅಂತ ಅಲ್ಲೇ ಅರ್ಥವಾಯಿತು.

ಈ ಓದಿನಲ್ಲಿ ಸಿಗದ್ದೂ ಇದೆ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೇಗೆ ಕಟ್ಟುತ್ತಾರೆ, ಅಲ್ಗಾರಿದಮ್‌ಗಳ ಆಳವಾದ ಗಣಿತ, ಇವೆಲ್ಲಕ್ಕೆ ಎರಡು ವರ್ಷ ಸಾಲದು. ಸಾಫ್ಟ್‌ವೇರ್ ಕಟ್ಟುವ ಆಸೆ ಇರುವವರಿಗೆ ನಾನಾದರೆ ಹೆಚ್ಚು ವರ್ಷಗಳ ದೊಡ್ಡ ಪದವಿಯನ್ನೇ ಹೇಳುತ್ತೇನೆ. ಮೊದಲು ಇದನ್ನು ಮುಗಿಸಿ ಆಮೇಲೆ ಅಲ್ಲಿಗೆ ಹೋಗುವ ಯೋಚನೆ ಇದ್ದರೆ, ಯಾವ ಯಾವ ವಿಷಯದ ಕ್ರೆಡಿಟ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಸೇರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಲ್ಯಾಬ್ ವಿಷಯಗಳ ಕ್ರೆಡಿಟ್ ಬಗ್ಗೆ ಬಿಡಿಸಿ ಕೇಳಿ. ಕೆಲವು ಕಡೆ ಅದನ್ನು ಒಪ್ಪುವುದಿಲ್ಲ.