ಶ್ರೀನಿವಾಸಪುರದ ಮಾವನ್ನು ಹೊರದೇಶಕ್ಕೆ ಕಳುಹಿಸುವ ಮೊದಲು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ಮಾವಿನ ತೋಟವನ್ನು ಫಲಗುತ್ತಿಗೆಗೆ ಕೊಡುವ, ಅಂದರೆ ಫಸಲನ್ನು ಮುಂಚಿತವಾಗಿಯೇ ಮಾರಿ ತೋಟವನ್ನು ಕೊಂಡವರ ವಶಕ್ಕೆ ಬಿಡುವ ರೂಢಿಯಿದೆ. ರಫ್ತಿನ ಮಟ್ಟಿಗೆ ಇದೇ ಮೊದಲ ತೊಡಕು, ಏಕೆಂದರೆ ಗುತ್ತಿಗೆ ಹಿಡಿದವರು ಯಾವ ಔಷಧಿಯನ್ನು ಯಾವಾಗ ಹೊಡೆದರೆಂಬುದು ತೋಟದ ಒಡೆಯರಿಗೇ ತಿಳಿದಿರುವುದಿಲ್ಲ. ಆದ್ದರಿಂದ ಇಡೀ ತೋಟವನ್ನಲ್ಲದಿದ್ದರೂ ಬಾದಾಮಿ, ಬಂಗನಪಲ್ಲಿ ಅಥವಾ ಮಲ್ಲಿಕಾ ತಳಿಯ ಮರಗಳಿರುವ ಒಂದು ಭಾಗವನ್ನಾದರೂ ಸ್ವಂತಕ್ಕೆ ಉಳಿಸಿಕೊಳ್ಳಬೇಕು. ತೋತಾಪುರಿ ಮುಖ್ಯವಾಗಿ ತಿರುಳಿನ ಕಾರ್ಖಾನೆಗೆ ಹೋಗುವ ಹಣ್ಣು. 2025ರ ಜೂನ್‌ನಲ್ಲಿ ಇಂಥ ಕಾರ್ಖಾನೆಗಳಿರುವ ಆಂಧ್ರದ ಚಿತ್ತೂರು ಜಿಲ್ಲೆಯು ಹೊರರಾಜ್ಯದ ತೋತಾಪುರಿಯನ್ನು ತಡೆದಾಗ, ಒಂದೇ ಕಡೆಯ ಕಾರ್ಖಾನೆಗಳನ್ನು ನಂಬಿ ಬೆಳೆಯುವುದು ಎಂಥ ಇಕ್ಕಟ್ಟೆಂಬುದು ನಮ್ಮ ಭಾಗದ ಎಲ್ಲರಿಗೂ ಮನವರಿಕೆಯಾಯಿತು.

ಉಳಿಸಿಕೊಂಡ ಮರಗಳಿಗೆ ಹೂ ಬಿಡುವ ಮೊದಲೇ ಒಂದು ಪುಸ್ತಕ ತೆರೆದು, ಔಷಧಿಯ ಹೆಸರು, ಪ್ರಮಾಣ ಮತ್ತು ದಿನಾಂಕವನ್ನು ಬರೆಯುತ್ತ ಹೋಗಬೇಕು. ಯುರೋಪ್ ಒಕ್ಕೂಟವು ಪ್ರತ್ಯೇಕ ಮಿತಿ ನಿಗದಿಪಡಿಸದ ಕೀಟನಾಶಕದ ಉಳಿಕೆಯನ್ನು ಕಿಲೋಗೆ 0.01 ಮಿಲಿಗ್ರಾಂವರೆಗೆ ಮಾತ್ರ ಒಪ್ಪುತ್ತದೆ, ಅಂದರೆ ಒಂದು ಟನ್ ಹಣ್ಣಿನಲ್ಲಿ 10 ಮಿಲಿಗ್ರಾಂ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಕ್ಕೂ 2020ರಿಂದ ಅಲ್ಲಿ ಇದೇ ಮಿತಿ. ಅಂಗಡಿಯವರು ಕೊಟ್ಟದ್ದನ್ನು ಹೊಡೆಯುವ ಅಭ್ಯಾಸಕ್ಕೂ ರಫ್ತಿಗೂ ಹೊಂದಿಕೆಯಾಗದು.

ಎರಡನೆಯ ತೊಡಕು ಹಣ್ಣಿನೊಳಗೆ ಮೊಟ್ಟೆಯಿಡುವ ಹಣ್ಣುನೊಣ. ಅದರ ಕಾರಣಕ್ಕೇ ಯುರೋಪ್ 2014ರ ಮೇ ತಿಂಗಳಿಂದ 2015ರ ಜನವರಿವರೆಗೆ ಭಾರತದ ಮಾವನ್ನು ನಿಷೇಧಿಸಿತ್ತು. ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ಆಮಿಷವಿಟ್ಟ ಬಲೆಗಳು ಗಂಡು ನೊಣವನ್ನಷ್ಟೇ ಸೆಳೆಯುತ್ತವೆ; ಹುಳು ಬೆಳೆಯುವ ಉದುರಿದ ಹಣ್ಣನ್ನು ಆಗಾಗ ಆರಿಸಿ ಆಳವಾಗಿ ಹೂಳದಿದ್ದರೆ ಬಲೆ ಕಟ್ಟಿಯೂ ಫಲವಿಲ್ಲ.

ಕೊಯ್ಲಿನಲ್ಲಿ ಕಾಯನ್ನು ನೆಲಕ್ಕೆ ಬೀಳಿಸದೆ, ಉದ್ದ ತೊಟ್ಟಿನೊಡನೆ ಇಳಿಸಿ, ಅನಂತರ ತೊಟ್ಟು ಕತ್ತರಿಸಿ ತಲೆಕೆಳಗಾಗಿಟ್ಟು ಸೊನೆ ಸುರಿಯಲು ಬಿಡಬೇಕು. ಸೊನೆ ತಗುಲಿದ ಸಿಪ್ಪೆ ಕಪ್ಪಾಗುತ್ತದೆ, ಅಂಥ ಹಣ್ಣು ಪೆಟ್ಟಿಗೆ ಸೇರುವುದಿಲ್ಲ. ಬಾದಾಮಿಯಲ್ಲಿ ಇನ್ನೊಂದು ಕಷ್ಟವಿದೆ: ತಿರುಳಿನೊಳಗಿನ ಬಿಳಿ ಹಿಟ್ಟುಗಟ್ಟು ಹೊರಗಿನಿಂದ ಕಾಣದು, ಕೊಂಡವರ ಮನೆಯಲ್ಲೇ ಬಯಲಾಗುತ್ತದೆ.

ಹಣ್ಣಿನೊಳಗೆ ಉಳಿದ ನೊಣದ ಕಾಟವನ್ನು ಕಳೆಯುವ ಮುಂದಿನ ಸಂಸ್ಕರಣೆಯನ್ನು ನಿರ್ಧರಿಸುವುದು ಕೊಳ್ಳುವ ದೇಶ. ಯುರೋಪಿಗೆ 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ, ಜಪಾನಿಗೆ 47.5 ಡಿಗ್ರಿಯ ಆವಿಯಲ್ಲಿ 20 ನಿಮಿಷ, ಅಮೆರಿಕಕ್ಕೆ ಕನಿಷ್ಠ 400 ಗ್ರೇ (ವಿಕಿರಣದ ಅಳತೆ) ವಿಕಿರಣ. ಈ ಕೊನೆಯದಕ್ಕೆ ಘಟಕವು ಮಾಲೂರಿನಲ್ಲೇ ಇದೆ, ವಿಮಾನ ನಿಲ್ದಾಣವೂ ದೇವನಹಳ್ಳಿಯಲ್ಲಿದೆ. ಇಷ್ಟು ಹತ್ತಿರದ ಅನುಕೂಲ ದೇಶದ ಬಹಳಷ್ಟು ಬೆಳೆಗಾರರಿಗಿಲ್ಲ.

ಸ್ವಂತ ಹೆಸರಿನಲ್ಲಿ ಕಳುಹಿಸುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ, ಅಪೆಡಾ (ಕೃಷಿ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಮತ್ತು ಪ್ರತಿ ಸರಕಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದರೆ ಮೊದಲ ಎರಡು ಹಂಗಾಮು ತೋಟವನ್ನು ರಫ್ತಿನ ಮಾವಿನ ತೋಟಗಳ ಅಪೆಡಾ ಜಾಲತಾಣವಾದ ಮ್ಯಾಂಗೋನೆಟ್‌ನಲ್ಲಿ ನೋಂದಾಯಿಸಿ, ಅನುಭವಿ ರಫ್ತುದಾರರಿಗೆ ಹಣ್ಣು ಪೂರೈಸುವುದೇ ಲೇಸೆಂದು ನನ್ನ ಅಭಿಪ್ರಾಯ. ಆಗಲೂ ವಿಂಗಡಣೆಯಲ್ಲಿ ತಿರಸ್ಕೃತವಾದ ಹಣ್ಣಿನ ನಷ್ಟ ಯಾರದು, ಅದನ್ನು ತೋಟಕ್ಕೆ ಮರಳಿಸುವರೋ ಅಲ್ಲೇ ಮಂಡಿಗೆ ಹಾಕುವರೋ ಎಂಬುದನ್ನು ಮೊದಲ ಕಾಯಿ ಕೀಳುವ ಮುನ್ನವೇ ಬರವಣಿಗೆಯಲ್ಲಿ ಪಡೆದಿರಬೇಕು.