ಅಧ್ಯಕ್ಷರ ಚರಂಡಿ, ಅಧ್ಯಕ್ಷರ ಮನೆ: ಮಾನನಷ್ಟದ ಗೆರೆ ಎಲ್ಲಿದೆ?

ಪಂಚಾಯಿತಿಯಲ್ಲಿ ಚರಂಡಿ ಕಾಮಗಾರಿಯ ಬಿಲ್ ಪಾಸಾಗಿದೆ, ಚರಂಡಿ ಮಾತ್ರ ಅರ್ಧಕ್ಕೇ ನಿಂತಿದೆ. ಅಧ್ಯಕ್ಷರ ಹೆಸರು ಹಿಡಿದು ಇದನ್ನು ಬರೆಯಬಹುದೇ? ಬರೆಯಬಹುದು. ಅದೇ ಬರಹದ ಬಾಲಕ್ಕೆ ಅಧ್ಯಕ್ಷರ ಸಂಸಾರದ ಜಗಳವನ್ನೂ ಕಟ್ಟಬಹುದೇ? ಮೊಕದ್ದಮೆ ಹುಟ್ಟುವುದು ಅಲ್ಲಿಯೇ. ಸಾರ್ವಜನಿಕ ವ್ಯಕ್ತಿಗೆ ಒಂದು ಕಾನೂನು, ಖಾಸಗಿ ವ್ಯಕ್ತಿಗೆ ಇನ್ನೊಂದು ಎಂಬುದು ಅರ್ಧ ಸತ್ಯ. ನೀವು ಬರೆದದ್ದು ಆ ಮನುಷ್ಯನ ಯಾವ ನಡತೆಯ ಬಗ್ಗೆ ಎಂಬುದನ್ನೇ ನಮ್ಮ ಕಾನೂನು ಮೊದಲು ನೋಡುತ್ತದೆ.

ಮಾನಹಾನಿಗೆ ದಾರಿ ಎರಡು. ಕ್ರಿಮಿನಲ್ ದಾರಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. 2024ರ ಜುಲೈ 1ರಿಂದ ಇದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 499, 500ರ ಜಾಗಕ್ಕೆ ಬಂದಿದೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಇನ್ನೊಂದು ದಾರಿ, ಪರಿಹಾರ ಕೇಳುವ ಸಿವಿಲ್ ದಾವೆ. ಒಂದೇ ಬರಹಕ್ಕೆ ಎರಡನ್ನೂ ಹೂಡಬಹುದು.

356ರಲ್ಲಿ ಹತ್ತು ವಿನಾಯಿತಿಗಳಿವೆ. ಬರೆಯುವವರು ಬಾಯಿಪಾಠ ಮಾಡಬೇಕಾದದ್ದು ಮೊದಲ ಮೂರು. ಒಂದು: ಹೇಳಿದ್ದು ನಿಜವಾಗಿರಬೇಕು, ಅದನ್ನು ಹೇಳುವುದರಿಂದ ಸಾರ್ವಜನಿಕ ಹಿತವೂ ಸಾಧಿಸಬೇಕು. ಎರಡು: ಸರ್ಕಾರಿ ನೌಕರ ತನ್ನ ಹುದ್ದೆಯ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯ ಅಭಿಪ್ರಾಯ. ಮೂರು: ಯಾರೇ ಆಗಲಿ, ಸಾರ್ವಜನಿಕ ಪ್ರಶ್ನೆಯೊಂದರಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಅಂಥದ್ದೇ ಅಭಿಪ್ರಾಯ. ಎರಡನೆಯದಕ್ಕೂ ಮೂರನೆಯದಕ್ಕೂ ಕಾನೂನೇ ಒಂದು ಬೇಲಿ ಹಾಕಿದೆ: ಆ ನಡತೆಯಲ್ಲಿ ಗುಣ ಎಷ್ಟು ಕಾಣುತ್ತದೋ ಅಷ್ಟರ ಬಗ್ಗೆ ಮಾತ್ರ, ಅದರಾಚೆಗೆ ಇಲ್ಲ. ಶಾಸಕರೂ ಮನೆಯ ಹೊಸ್ತಿಲು ದಾಟಿ ಒಳಗೆ ಹೋದರೆ ಬಹುಮಟ್ಟಿಗೆ ಖಾಸಗಿ ವ್ಯಕ್ತಿಯೇ. ಕಾಲೇಜು ಜಾಗಕ್ಕಾಗಿ ಧರಣಿ ಕೂತ ಸಾಮಾನ್ಯನೂ ಆ ವಿಷಯದ ಮಟ್ಟಿಗೆ ಟೀಕೆಗೆ ತೆರೆದುಕೊಂಡವನೇ. ನಟರು, ಗಾಯಕರು ಜನರ ಮುಂದಿಟ್ಟ ಕಲೆಯ ವಿಮರ್ಶೆಗೆ ಆರನೆಯ ವಿನಾಯಿತಿ ಇದೆ. ಅವರ ಮದುವೆಯ ವಿಮರ್ಶೆಗೆ ಅದು ಒದಗುವುದಿಲ್ಲ.

ಸಿವಿಲ್ ದಾವೆಯಲ್ಲಿ ಅಧಿಕಾರದಲ್ಲಿರುವವರ ಕೈ ಇನ್ನಷ್ಟು ಕಟ್ಟಿದೆ. ತಮಿಳು ಪತ್ರಿಕೆ ನಕ್ಕೀರನ್ ಕೊಲೆ ಅಪರಾಧಿ ಆಟೋ ಶಂಕರನ ಆತ್ಮಕಥೆ ಪ್ರಕಟಿಸಲು ಹೊರಟಾಗ ಎದ್ದ ಆರ್. ರಾಜಗೋಪಾಲ್ ಪ್ರಕರಣದಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟು ಹೇಳಿದ್ದಿದು: ಕರ್ತವ್ಯಕ್ಕೆ ಸಂಬಂಧಿಸಿದ ನಡತೆಯ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ಬರೆದವರು ನಿಜಸುಳ್ಳಿನ ಪರಿವೆಯೇ ಇಲ್ಲದೆ ಬರೆದರು ಎಂದು ಅಧಿಕಾರಿ ತೋರಿಸದ ಹೊರತು ಪರಿಹಾರ ಸಿಗದು. ಸಮಂಜಸವಾಗಿ ಪರಿಶೀಲಿಸಿದ್ದೆ ಎಂದು ಬರೆದವರು ತೋರಿಸಿದರೆ ಸಾಕು. ವೈಯಕ್ತಿಕ ಹಗೆಯಿಂದ ಸುಳ್ಳು ಬರೆದಿದ್ದರೆ ಈ ರಕ್ಷಣೆ ಹೋಗುತ್ತದೆ. ಇನ್ನು ಸರ್ಕಾರ, ಪಂಚಾಯಿತಿಯಂಥ ಸಂಸ್ಥೆ ಸಂಸ್ಥೆಯಾಗಿ ಪರಿಹಾರದ ದಾವೆ ಹೂಡುವಂತೆಯೇ ಇಲ್ಲ.

ಈ ತೀರ್ಪನ್ನು ನೆಚ್ಚಿ ಎಡವುವವರೂ ಇದ್ದಾರೆ. ಇದು ಪರಿಹಾರದ ದಾವೆಗೆ ಹೇಳಿದ ಮಾತು, ಕ್ರಿಮಿನಲ್ ದೂರಿಗಲ್ಲ. ಅಧಿಕಾರಿಗಳ ಟೀಕೆಗೆ ದೊಡ್ಡ ರಕ್ಷಣೆ ಕೊಟ್ಟ ಅಮೆರಿಕದ 1964ರ ಸಲಿವನ್ ತೀರ್ಪಿನ ರಕ್ಷಣೆ ನಮಗೂ ಉಂಟು ಎಂದು ಯೂಟ್ಯೂಬಿನಲ್ಲಿ ಹೇಳುವವರು ಈ ವ್ಯತ್ಯಾಸವನ್ನು ಬಿಟ್ಟೇಬಿಡುತ್ತಾರೆ. ಇಲ್ಲಿ ಕ್ರಿಮಿನಲ್ ಮಾನಹಾನಿ ಸಂವಿಧಾನಬದ್ಧವೆಂದು 2016ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ವಿನಾಯಿತಿಗೆ ತಾನು ಸೇರುತ್ತೇನೆಂದು ತೋರಿಸುವ ಹೊಣೆ ಆರೋಪಿಯದು. ಕಾನೂನಿನ ಭಾಷೆಯಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸಷ್ಟೇ ಅಲ್ಲ, ತಕ್ಕ ಎಚ್ಚರಿಕೆ.

ಆ ಎಚ್ಚರಿಕೆ ಕಾಗದದಲ್ಲಿ ಕಾಣಬೇಕು. ಪ್ರತಿ ಬರಹಕ್ಕೂ ಒಂದು ಕಡತ ಇಡಿ. ಆರ್‌ಟಿಐ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಾಮಗಾರಿಯಾದರೆ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ನಕಲು ಕೇಳಿ. ಅಳತೆ ಬರೆದವರು ಯಾರು, ಬಿಲ್ಲಿಗೆ ಸಹಿ ಹಾಕಿದವರು ಯಾರು ಎಂದು ನೋಡಿ. ಎಂಜಿನಿಯರ್ ಮಾಡಿದ ತಪ್ಪನ್ನು ಅಧ್ಯಕ್ಷರ ತಲೆಗೆ ಕಟ್ಟಿ ಸಿಕ್ಕಿಬೀಳುವುದು ತೀರಾ ಮಾಮೂಲು. ಆಮೇಲೆ ಅವರಿಗೇ ಪ್ರಶ್ನೆ ಕಳಿಸಿ: ಲಿಖಿತವಾಗಿ, ದಿನಾಂಕ ಹಾಕಿ, ಉತ್ತರಕ್ಕೆ ಸಮಯ ಕೊಟ್ಟು. ಉತ್ತರ ಬಂದರೆ ಹಾಕಿ, ಬಾರದಿದ್ದರೆ ಬರಲಿಲ್ಲವೆಂದು ಬರೆಯಿರಿ.

ಬರೆಯುವಾಗ ಸಂಗತಿಯನ್ನೂ ಅಭಿಪ್ರಾಯವನ್ನೂ ಬೇರೆ ಬೇರೆ ವಾಕ್ಯದಲ್ಲಿಡಿ. ‘ಅಳತೆ ಪುಸ್ತಕದಲ್ಲಿ 120 ಮೀಟರ್ ಇದೆ, ಸ್ಥಳದಲ್ಲಿ ಅಳೆದಾಗ ಸಿಕ್ಕಿದ್ದು 40 ಮೀಟರ್’ ಎಂಬುದು ಸಂಗತಿ. ‘ಇಷ್ಟು ಅಂತರವಿದ್ದೂ ಬಿಲ್ ಪಾಸು ಮಾಡಿದ್ದು ಬೇಜವಾಬ್ದಾರಿ’ ಎಂಬುದು ಅಭಿಪ್ರಾಯ. ‘ಅಧ್ಯಕ್ಷ ದುಡ್ಡು ನುಂಗಿದ’ ಎಂದಿರೋ, ಅದು ಅಪರಾಧದ ಆರೋಪ. ದುಡ್ಡು ಅವರ ಜೇಬಿಗೆ ಹೋದದ್ದನ್ನೇ ಸಾಬೀತು ಮಾಡಬೇಕಾಗುತ್ತದೆ. ‘ಎನ್ನಲಾಗಿದೆ’ ಸೇರಿಸಿದರೆ ಬಚಾವಾಗುವುದಿಲ್ಲ. ತಲೆಬರಹಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಅಷ್ಟೇ, ವ್ಯಂಗ್ಯವಾಗಿ ಹೇಳಿದರೂ ಅಷ್ಟೇ. ವ್ಯಂಗ್ಯವೂ ಮಾನಹಾನಿಯಾಗಬಹುದೆಂದು 356 ಬಾಯಿಬಿಟ್ಟೇ ಹೇಳುತ್ತದೆ.

ಪಕ್ಕದ ಮನೆಯವರು, ಅಂಗಡಿಯವರು, ಮೇಷ್ಟ್ರು, ಕೆಲಸ ಬಿಟ್ಟ ನೌಕರ: ಇವರ ವಿಷಯದಲ್ಲಿ ನಿಜ ಎಂಬುದೊಂದೇ ಕ್ರಿಮಿನಲ್ ಕೋರ್ಟಿನಲ್ಲಿ ಕೈಹಿಡಿಯುವುದಿಲ್ಲ, ಸಾರ್ವಜನಿಕ ಹಿತವೂ ಬೇಕು. ಸಿವಿಲ್‌ನಲ್ಲಿ ನಿಜ ದೊಡ್ಡ ಗುರಾಣಿಯೇ. ಆದರೆ ಕುಟುಂಬ, ಮದುವೆ, ಹೆರಿಗೆಯಂಥ ವಿಷಯಗಳನ್ನು ಒಪ್ಪಿಗೆಯಿಲ್ಲದೆ ಬರೆದರೆ ಖಾಸಗಿತನದ ದಾವೆಗೆ ಗುರಿಯಾಗುತ್ತೀರಿ, ಬರೆದದ್ದು ನಿಜವಾದರೂ ಸರಿಯೇ. ಹಾಗಾಗಿ ಖಾಸಗಿಯವರ ಮೇಲೆ ದೂರಿದ್ದರೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕ್ರಮ ಕೈಗೊಳ್ಳುವ ಅಧಿಕಾರ ಇರುವವರಿಗೇ ಕೊಡಿ. ಅಂಥ ಸದ್ಭಾವನೆಯ ದೂರಿಗೆ ಎಂಟನೆಯ ವಿನಾಯಿತಿ ಇದೆ. ಗುಂಪಿಗೆ ಫಾರ್ವರ್ಡ್ ಮಾಡಿದ ಕ್ಷಣ ಅದು ಸಡಿಲವಾಗುತ್ತದೆ.

ನೋಟಿಸ್ ಬಂದರೆ ಪೋಸ್ಟ್ ಅಳಿಸಲು ಓಡಬೇಡಿ. ಮೊದಲು ಲಿಂಕು, ಸಮಯ, ಕಮೆಂಟು ಸಮೇತ ಉಳಿಸಿಕೊಳ್ಳಿ. ಕೋರ್ಟಿನಲ್ಲಿ ಈ ನಕಲುಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ತಪ್ಪಾಗಿದ್ದರೆ ತಿದ್ದುಪಡಿಯನ್ನು ಮೂಲ ಬರಹ ಕಂಡಷ್ಟೇ ಎದ್ದುಕಾಣುವಂತೆ ಹಾಕಿ. ಹಾಕುವಾಗ ಹಳೆಯ ಆರೋಪವನ್ನು ಮತ್ತೆ ಬಿಡಿಸಿ ಹೇಳಬೇಡಿ. ಪ್ರಬಲರ ಬಗ್ಗೆ ಬರೆದಿದ್ದರೆ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿಟ್ಟಿರಿ. ಅದು 90 ದಿನ ಜೀವಂತ. ನಿಮಗೆ ತಿಳಿಸದೆ ತಡೆಯಾಜ್ಞೆ ತರುವ ದಾರಿಗೆ ಅದೇ ಅಡ್ಡಗಟ್ಟೆ. ತಡೆಯಾಜ್ಞೆ ಆಗಲೇ ಬಂದಿದ್ದರೆ ತೆರವಿಗೆ ಅರ್ಜಿ ಹಾಕಿ, ಬ್ಲೂಮ್‌ಬರ್ಗ್–ಝೀ ಪ್ರಕರಣದ 2024ರ ಸುಪ್ರೀಂ ಕೋರ್ಟ್ ಆದೇಶ ತೋರಿಸಿ. ವಿಚಾರಣೆಗೆ ಮೊದಲೇ ಪ್ರಕಟಣೆ ತಡೆಯುವುದು ತೀರಾ ಅಪರೂಪದ ಸಂದರ್ಭಕ್ಕೆ ಮಾತ್ರ ಎಂದು ಅದು ಹೇಳುತ್ತದೆ.

ಕ್ರಿಮಿನಲ್ ಮಾನಹಾನಿಗೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಬಳಿ ಖಾಸಗಿ ದೂರು ಕೊಡಬೇಕು, ಮೂರು ವರ್ಷದೊಳಗೆ. ಮಂತ್ರಿಗಳು, ಸರ್ಕಾರಿ ನೌಕರರಿಗೆ ಹುದ್ದೆಯ ಕೆಲಸದ ವಿಷಯದಲ್ಲಿ ಇನ್ನೊಂದು ಬಾಗಿಲಿದೆ: ಸರ್ಕಾರದ ಮಂಜೂರಾತಿ ಪಡೆದು ಪಬ್ಲಿಕ್ ಪ್ರಾಸಿಕ್ಯೂಟರ್ ನೇರ ಸೆಷನ್ಸ್ ಕೋರ್ಟಿಗೆ ದೂರು ಕೊಡಬಹುದು, ಆರು ತಿಂಗಳೊಳಗೆ. ಸಿವಿಲ್ ದಾವೆಗೆ ಗಡುವು ಒಂದೇ ವರ್ಷ. ದೂರು ಎಲ್ಲಿಂದಲೂ ಬರಬಹುದು: ರಾಹುಲ್ ಗಾಂಧಿ 2019ರಲ್ಲಿ ಕೋಲಾರದಲ್ಲಿ ಆಡಿದ ಮಾತಿಗೆ 2023ರಲ್ಲಿ ಶಿಕ್ಷೆಯಾದದ್ದು ಸೂರತ್‌ನಲ್ಲಿ, ಅವರು ತಪ್ಪಿತಸ್ಥರೆಂಬ ಆ ತೀರ್ಮಾನಕ್ಕೆ ಬಳಿಕ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆರೋಪಿಗೆ ಒಂದು ಅನುಕೂಲವಿದೆ. ಆರೋಪಿಯ ಮಾತು ಕೇಳದೆ ಮ್ಯಾಜಿಸ್ಟ್ರೇಟ್ ದೂರನ್ನು ಕಾಗ್ನಿಜೆನ್ಸಿಗೆ, ಅಂದರೆ ಮುಂದಿನ ಕ್ರಮಕ್ಕೆ, ತೆಗೆದುಕೊಳ್ಳುವಂತಿಲ್ಲ. ದೂರುದಾರರ ಪ್ರಮಾಣ ಹೇಳಿಕೆ ಮೊದಲು, ಆಮೇಲೆ ಆರೋಪಿಗೆ ನೋಟಿಸ್ ಎಂಬ ಕ್ರಮವನ್ನು ಕರ್ನಾಟಕ ಹೈಕೋರ್ಟ್ 2024ರಲ್ಲಿ ಬಸನಗೌಡ ಯತ್ನಾಳ್–ಶಿವಾನಂದ ಪಾಟೀಲ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಅದೂ ಮಾನಹಾನಿಯ ದೂರೇ. ಆ ನೋಟಿಸಿಗೆ ಉತ್ತರ ಹೇಳುವ ದಿನ ಸದ್ಭಾವನೆಯ ಉದ್ದ ವಾದ ಹೂಡಿ ಫಲವಿಲ್ಲ, ಅದನ್ನು ವಿಚಾರಣೆಗೆ ದೂಡುವುದೇ ಹೆಚ್ಚು. ಬರಹ ದೂರುದಾರರನ್ನು ಗುರುತಿಸುತ್ತದೆಯೇ, ಅವರು ನಿಜಕ್ಕೂ ನೊಂದವರೇ, ಗಡುವು ಮುಗಿದಿದೆಯೇ: ಈ ಮೂರನ್ನು ದಾಖಲೆ ಸಮೇತ ಮುಂದಿಡಿ.