ಲೈಸೆನ್ಸ್ ನಿರ್ಬಂಧಗಳಿಗೊಂದು ಚೆಕ್‌ರೋಲ್: ನನ್ನ ಅನುಭವ

ಕಳೆದ ತಿಂಗಳು ಬೆಂಗಳೂರಿನ ಒಂದು ಕಂಪನಿಯ ವಕೀಲರು ನಮ್ಮ ಪೆನ್‌ಡ್ರೈವ್‌ನಲ್ಲಿರುವ ಸಾಫ್ಟ್‌ವೇರ್‌ಗಳನ್ನು ಯಾವ ಷರತ್ತಿನ ಮೇಲೆ ಹಂಚಬಹುದು ಅಂತ ಬರೆದ ಲೈಸೆನ್ಸ್ ಕಡತವನ್ನು ನಾಲ್ಕೇ ದಿನದಲ್ಲಿ ಒಪ್ಪಿಕೊಂಡರು. ಅದರಲ್ಲಿ ಸುಮಾರು 210 ಪ್ಯಾಕೇಜುಗಳಿದ್ದವು, ಅಂದರೆ ಸಾಫ್ಟ್‌ವೇರ್ ಕಟ್ಟುಗಳು. ಬಂದದ್ದು ಒಂದೇ ಪ್ರಶ್ನೆ, ಅದಕ್ಕೂ ಉತ್ತರ ಕಡತದಲ್ಲೇ ಇತ್ತು. 2022ರಲ್ಲಿ ಇದೇ ಕೆಲಸದಲ್ಲಿ ನಾನು 40 ಸಾವಿರದಷ್ಟು ಕಳೆದುಕೊಂಡಿದ್ದೆ. ಆಗ "ಒಂದೊಂದೇ ಫೈಲ್ ನೋಡ್ತಾ ಕೂತ್ರೆ ಮಳೆಗಾಲ ಮುಗಿದು ಕಾಫಿ ಕೊಯ್ಲು ಬರುತ್ತೆ" ಅಂದಿದ್ದ ಗೆಳೆಯರೇ ಈಗ ನನ್ನ ಟೆಂಪ್ಲೇಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನನ್ನ ಮನೆ ಸುಂಟಿಕೊಪ್ಪದ ಹತ್ತಿರ. ಡೆಬಿಯನ್ ಎನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂ ಮೇಲೆ ಕಟ್ಟಿದ ಒಂದು ಪೆನ್‌ಡ್ರೈವ್ ಮಾಡುತ್ತೇನೆ. ಶಾಲೆಗಳು, ವಾಚನಾಲಯಗಳು, ತೋಟದ ಆಫೀಸುಗಳು ತಗೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ. ಲೈನ್ ಮೇಲೆ ಒಂದು ಮರ ಬಿದ್ದರೆ ಮೂರು ದಿನ ಏನೂ ಇಲ್ಲ. ಹಾಗಾಗಿ ಎಲ್ಲವೂ ಡ್ರೈವ್‌ನಲ್ಲೇ ಇರಬೇಕು: ಕನ್ನಡ ಫಾಂಟ್, ಕೀಬೋರ್ಡ್, ಲಿಬ್ರೆಆಫೀಸ್, ಚಿತ್ರದಲ್ಲಿರುವ ಅಕ್ಷರ ಓದುವ ಟೆಸೆರಾಕ್ಟ್‌ನ ಕನ್ನಡ ಡೇಟಾ, ಮಕ್ಕಳ ಆಟಗಳು, ಕೊಡಗಿನ ನಕ್ಷೆ. ಆಗ 16 ಜಿಬಿ ಡ್ರೈವ್‌ಗೆ 350 ರೂಪಾಯಿ ತಗೊಳ್ಳುತ್ತಿದ್ದೆ.

2022ರಲ್ಲಿ ಅದೇ ಬೆಂಗಳೂರಿನ ಕಂಪನಿ ಶಾಲೆಗಳಿಗೆ ಹಂಚಲು 400 ಡ್ರೈವ್ ಕೇಳಿತ್ತು. ಮೊದಲ ಕಂತು 120 ಕಳಿಸಿದೆ. ಹತ್ತು ದಿನದಲ್ಲಿ ಎಲ್ಲವೂ ವಾಪಸ್ ಬಂತು. ಒಂದು ಅಕ್ಷರ ಕಲಿಸುವ ಆಟದ ಒಳಗೆ ಬೇರೆಯವರು ಹಂಚುವ ಹಾಗಿಲ್ಲದ ವಿಂಡೋಸ್‌ನ ತುಂಗಾ ಫಾಂಟ್ ಸಿಕ್ಕಿತ್ತು. ಇನ್ನೊಂದರಲ್ಲಿದ್ದ ಐಕಾನ್‌ಗಳು ವಾಣಿಜ್ಯ ಬಳಕೆ ಬೇಡ ಎನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನವು. ನನ್ನ ಲಾಭ ಎಷ್ಟೇ ಕಡಿಮೆ ಇರಲಿ, ಬೆಲೆ ಅಂದರೆ ಬೆಲೆಯೇ ಅಲ್ವಾ. ಡ್ರೈವ್‌ಗಳನ್ನು ಅಳಿಸಿ ಮತ್ತೆ ಬಳಸಿದೆ. ಆದರೆ ಅಚ್ಚು ಹಾಕಿಸಿದ ಕವರ್, ಕೊರಿಯರ್, ಇಬ್ಬರು ಹುಡುಗರ ಒಂದು ತಿಂಗಳ ಸಂಬಳ ಎಲ್ಲ ಸೇರಿ ಆ 40 ಸಾವಿರ ಹೋಯಿತು. ಉಳಿದ 280ರ ಆರ್ಡರೂ ಹೋಯಿತು.

ಆ ಆಟದ ಮೇಲಿನ ಲೈಸೆನ್ಸ್ ಫೈಲ್‌ನಲ್ಲಿ ಜಿಪಿಎಲ್ 3 (ಷರತ್ತಿನ ಮೇಲೆ ಯಾರು ಬೇಕಾದರೂ ಹಂಚಬಹುದಾದ ಮುಕ್ತ ಲೈಸೆನ್ಸ್) ಅಂತ ಸ್ಪಷ್ಟವಾಗಿ ಇತ್ತು. ನಾನು ಅದನ್ನೇ ನಂಬಿದ್ದೆ. ನಮ್ಮ ಕಡೆ ಯಾವ ಕ್ಯೂರಿಂಗ್‌ನವರೂ ಚೀಲದ ಮೇಲೆ ಬರೆದದ್ದನ್ನು ನೋಡಿ ಕಾಫಿಗೆ ರೇಟ್ ಕಟ್ಟುವುದಿಲ್ಲ. ಚೀಲ ಚುಚ್ಚಿ ಬೀಜ ತೆಗೆದು ನೋಡುತ್ತಾರೆ. ನಾನು ಚುಚ್ಚಿ ನೋಡಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೈಲ್‌ಗಳಲ್ಲಿ ಲೈಸೆನ್ಸ್ ಹುಡುಕುವ ಸ್ಕ್ಯಾನ್‌ಕೋಡ್ ಹಾಕಿ ಇಡೀ ಮೂಲ ಕೋಡನ್ನು ಅದರಲ್ಲಿ ಓಡಿಸಿದೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಜುಲೈ ತಿಂಗಳು. ಮೂರು ಸಲ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತು. ಕೊನೆಗೆ 30 ಸಾವಿರ ಸಾಲಿನ ವರದಿ ಬಂತು. ಅದನ್ನು ಇನ್ನೊಂದು ಸಂಸ್ಥೆಗೆ ಕಳಿಸಿದಾಗ ಅಲ್ಲಿನವರು ಕೇಳಿದ್ದು ಒಂದೇ ಮಾತು: "ಸರ್, ಇದರಲ್ಲಿ ನಮಗೆ ಏನು ಮಾಡಬಾರದು ಅಂತ ಎಲ್ಲಿದೆ?" ನಿಜ. ಸ್ಕ್ಯಾನರ್ ಲೈಸೆನ್ಸ್‌ನ ಹೆಸರು ಹೇಳುತ್ತದೆ. ಈ ಬೆಲೆಗೆ, ಈ ರೂಪದಲ್ಲಿ ಹಂಚುವಾಗ ಯಾವ ನಿರ್ಬಂಧ ತಾಗುತ್ತದೆ ಅಂತ ಹೇಳುವುದಿಲ್ಲ.

ಆಮೇಲೆ ಲೈಸೆನ್ಸ್ ಪ್ರಕಾರ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದ ಒಂದು ಶೀಟ್ ಮಾಡಿದೆ. ಅದೂ ಕೆಟ್ಟಿತು. ಓಎಫ್‌ಎಲ್ (ಫಾಂಟ್‌ಗಳಿಗೆಂದೇ ಇರುವ ಮುಕ್ತ ಲೈಸೆನ್ಸ್) ಇರುವ ಫಾಂಟನ್ನು ಹಾಗೇ ಕೊಟ್ಟರೆ ತೊಂದರೆ ಇಲ್ಲ. ತಿದ್ದಿ ಕೊಟ್ಟರೆ ಲೇಖಕರು ಕಾಯ್ದಿರಿಸಿದ ಹೆಸರನ್ನು ಬಳಸುವ ಹಾಗಿಲ್ಲ. ಫಾಂಟ್ ಒಂದನ್ನೇ ಮಾರುವ ಹಾಗೂ ಇಲ್ಲ. ಒಂದೇ ಲೈಸೆನ್ಸ್, ಮೂರು ಪರಿಸ್ಥಿತಿ. ಇದಕ್ಕೆ ಯಾವ ಬಣ್ಣ ಹಚ್ಚಲಿ?

ದಾರಿ ತೋರಿಸಿದ್ದು ಅಪ್ಪ. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಅವರು ಮೂವತ್ತು ವರ್ಷ ರೈಟರ್ ಆಗಿದ್ದರು, ಚೆಕ್‌ರೋಲ್ ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವ ಕೆಲಸ. ನನ್ನ ಶೀಟ್ ನೋಡಿ, "ಚೆಕ್‌ರೋಲ್‌ನಲ್ಲಿ ಎಲ್ಲರೂ ಬಂದಿದ್ದಾರೆ ಅಂತ ಒಂದೇ ಸಾಲು ಬರೆದ್ರೆ ಸಂಬಳ ಬಟವಾಡೆ ಆಗುತ್ತಾ ಮಗಾ?" ಅಂದರು. ಯಾರು, ಯಾವ ಬ್ಲಾಕ್, ಯಾವ ಕೆಲಸ, ಅರ್ಧ ದಿನವೋ ಪೂರ್ತಿಯೋ, ಎಲ್ಲ ಬೇರೆ ಬೇರೆ ಬರೆಯಬೇಕು. ಕಣ್ಣಿಂದ ನೋಡದೆ ಗುರುತು ಹಾಕಬಾರದು.

ಅವತ್ತಿನಿಂದ ನನ್ನ ಪುಸ್ತಕದಲ್ಲಿ ಐದು ಕಲಂ. ಯಾವ ಫೈಲ್. ನಿರ್ಬಂಧದ ಮೂಲ ವಾಕ್ಯ, ನನ್ನ ಮಾತಲ್ಲಿ ಅಲ್ಲ, ಅವರು ಬರೆದ ಹಾಗೇ. ಅದು ಸಿಕ್ಕಿದ ಜಾಗ. ಅದರಿಂದಾಗಿ ನಾನು ಏನು ಮಾಡಿದೆ. ತಾರೀಕು. ಆ ವಕೀಲರು ಜಾಸ್ತಿ ಹೊತ್ತು ಓದಿದ್ದು ನಾಲ್ಕನೇ ಕಲಂ ಅಂತ ಆಮೇಲೆ ಗೊತ್ತಾಯಿತು. "ತೆಗೆದುಹಾಕಿದೆ", "ಬದಲಿಸಿದೆ", "ಹೆಸರು ಬದಲಿಸಿದೆ", "ಲೇಖಕರಿಗೆ ಬರೆದೆ, ಉತ್ತರ ಇದು": ಹೀಗೆ ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ.

ಪುಸ್ತಕದಲ್ಲಿದ್ದದ್ದನ್ನು ಆಮೇಲೆ ಡೆಬಿಯನ್‌ನ ಕಾಪಿರೈಟ್ ಫೈಲ್‌ಗೆ (ಯಾವ ಫೈಲ್‌ಗೆ ಯಾವ ಲೈಸೆನ್ಸ್ ಅಂತ ಪ್ರತಿ ಪ್ಯಾಕೇಜಿನ ಜೊತೆ ಇರುವ ಪಟ್ಟಿ) ಇಳಿಸುತ್ತೇನೆ. ಅದರಲ್ಲಿರುವ ಕಾಮೆಂಟ್ ಮತ್ತು ಡಿಸ್‌ಕ್ಲೈಮರ್ ಎಂಬ ಎರಡು ಜಾಗಗಳನ್ನೂ ನಾನು ಪೂರ್ತಿ ಬಳಸುತ್ತೇನೆ. ಕಾಂಟ್ರಿಬ್, ನಾನ್‌ಫ್ರೀ ಎನ್ನುವ, ಡೆಬಿಯನ್ ತನ್ನ ಮುಖ್ಯ ವಿಭಾಗದಿಂದ ಹೊರಗಿಟ್ಟ ಪ್ಯಾಕೇಜುಗಳಲ್ಲಿ ಇದು ಡೆಬಿಯನ್‌ನ ಭಾಗ ಅಲ್ಲ, ಯಾಕೆ ಅಲ್ಲ ಅಂತ ಹೇಳಲೇಬೇಕು. ಹೆಚ್ಚಿನವರು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ನಾನು ನಿರ್ಬಂಧದ ವಾಕ್ಯವನ್ನೇ ಅಲ್ಲಿ ಇಡುತ್ತೇನೆ. ಹೊರಗಿಟ್ಟ ಫೈಲ್‌ಗಳ ಹೆಸರು ಫೈಲ್ಸ್-ಎಕ್ಸ್‌ಕ್ಲೂಡೆಡ್ ಎಂಬ ಪಟ್ಟಿಗೆ ಹೋಗುತ್ತದೆ, ಅವಿಲ್ಲದೆ ಮತ್ತೆ ಕಟ್ಟಿದ ಮೂಲ ಕೋಡ್ ಕಟ್ಟಿನ (ಟಾರ್‌ಬಾಲ್) ಆವೃತ್ತಿ ಸಂಖ್ಯೆಗೆ, ಡೆಬಿಯನ್‌ನ ಮುಕ್ತ ಸಾಫ್ಟ್‌ವೇರ್ ನಿಯಮಗಳನ್ನು ಸೂಚಿಸುವ ಡಿಎಫ್‌ಎಸ್‌ಜಿ ಬಾಲ ಬರುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಒಂದೇ ಫೈಲ್‌ಗೆ ಎರಡು ಪ್ಯಾರಾ ಹೊಂದಿದರೆ ಕೊನೆಯದ್ದೇ ಗೆಲ್ಲುತ್ತದೆ. ನಾನು ಎಲ್ಲ ಫೈಲ್‌ಗಳಿಗೂ ಹೊಂದುವ ನಕ್ಷತ್ರದ (*) ಪ್ಯಾರಾವನ್ನು ಕೊನೆಗೆ ಹಾಕಿದ್ದೆ. ಕಷ್ಟಪಟ್ಟು ಹುಡುಕಿ ಬರೆದ 60ಕ್ಕೂ ಹೆಚ್ಚು ವಿನಾಯಿತಿಗಳು ಒಂದೇ ಏಟಿಗೆ ಅರ್ಥ ಕಳೆದುಕೊಂಡವು. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ಆದರೆ ಬೇರೆ ಏನೋ ಕಾರಣಕ್ಕೆ ನಾನು ಅದರ ಬಾಯಿ ಮುಚ್ಚಿಸಿದ್ದೆ. ಮೂರು ವಾರದ ಕೆಲಸ ಮತ್ತೆ ಮಾಡಿದೆ.

ಫಾಂಟ್‌ಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಕನ್ನಡದ ಕೆಲಸದಲ್ಲಿ ಎಡವುವುದು ಅಲ್ಲೇ. ಫೈಲ್‌ನ ಹೆಸರು ನೋಡಬೇಡಿ. ನನಗೆ ತುಂಗಾ ಸಿಕ್ಕಿದ್ದು "ಕನ್ನಡ" ಅಂತ ಹೆಸರು ಬದಲಿಸಿದ ಫೈಲ್‌ನಲ್ಲಿ. ಫಾಂಟ್‌ನ ಒಳಗೆ ಅದರ ವಿವರ ಬರೆದಿರುವ ನೇಮ್ ಟೇಬಲ್ ತೆರೆಯಿರಿ. 0ನೇದು ಕಾಪಿರೈಟ್, 13 ಲೈಸೆನ್ಸ್ ವಿವರ, 14 ಅದರ ವಿಳಾಸ. 13 ಖಾಲಿ ಇದ್ದರೆ ನಾನು ಆ ಫಾಂಟನ್ನು ಮುಟ್ಟುವುದೇ ಇಲ್ಲ. ಆಟಗಳಲ್ಲಿ ಫಾಂಟ್ ಫೈಲ್ ಆಗಿಯೇ ಇರಬೇಕು ಅಂತ ಇಲ್ಲ. ಬೇರೆ ಫೈಲ್‌ಗಳ ಒಳಗೆ ಹುದುಗಿದ ಫಾಂಟನ್ನು ಹಿಡಿಯಲು ನನ್ನದೇ ಒಂದು ಸ್ಕ್ರಿಪ್ಟ್ ಇದೆ, ಹುಡುಕುವ ಪದಗಳ ಒಂದು ಪಟ್ಟಿಯೂ ಇದೆ. ಅವೆರಡನ್ನು ಇಲ್ಲಿ ಕೊಡುವುದಿಲ್ಲ. ಅದು ನನ್ನ ಹೊಟ್ಟೆಪಾಡು, ಬೇಜಾರು ಮಾಡ್ಕೋಬೇಡಿ.

ನಾನೇ ಒಂದು ಕನ್ನಡ ಫಾಂಟ್‌ನ ಎರಡು ಒತ್ತಕ್ಷರ ಸರಿಮಾಡಿ ಹಳೆ ಹೆಸರಲ್ಲೇ ಹಂಚಿದ್ದೆ. ಆ ಹೆಸರು ಕಾಯ್ದಿರಿಸಿದ್ದು. ಬದಲಿಸಿದೆ. ಶಾಲೆಗಳ ಪ್ರಶ್ನೆಪತ್ರಿಕೆಯ ಟೆಂಪ್ಲೇಟ್‌ಗಳೆಲ್ಲ ಹಳೆ ಹೆಸರನ್ನೇ ಹುಡುಕುತ್ತಿದ್ದವು. ಅವನ್ನು ಸರಿಮಾಡಲು ಎರಡು ವಾರ ನಾಪೋಕ್ಲು, ಸೋಮವಾರಪೇಟೆ ಅಂತ ಬಸ್ಸಲ್ಲಿ ಓಡಾಡಿದೆ.

ಏರಿಯಲ್, ಟೈಮ್ಸ್ ಬೇಕು ಅಂತ ಎಲ್ಲ ಆಫೀಸುಗಳೂ ಕೇಳುತ್ತವೆ. ಮೈಕ್ರೋಸಾಫ್ಟ್‌ನ ಆ ಫಾಂಟ್‌ಗಳನ್ನು ಮೂಲ ರೂಪದಲ್ಲಿ ಬಿಟ್ಟು ಬೇರೆ ರೀತಿ ಹಂಚುವ ಹಾಗಿಲ್ಲ. ಅದಕ್ಕೇ ಡೆಬಿಯನ್‌ನ ಕಾಂಟ್ರಿಬ್‌ನಲ್ಲಿ ಇರುವುದು ಬರೀ ಇನ್‌ಸ್ಟಾಲರ್, ಅದು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ನೆಟ್ ಇಲ್ಲದ ಡ್ರೈವ್‌ನಲ್ಲಿ ಅದರಿಂದ ಏನೂ ಪ್ರಯೋಜನ ಇಲ್ಲ. ಅದೇ ಅಳತೆಯ ಲಿಬರೇಶನ್, ಕ್ಯಾಲಿಬ್ರಿಗೆ ಬದಲಾಗಿ ಕಾರ್ಲಿಟೊ ಹಾಕಿದೆ. ಪುಟ ಒಡೆಯಲಿಲ್ಲ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಜಿಪಿಎಲ್‌ನ ಮೂಲ ಕೋಡ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು, ಕೇಳಿದವರಿಗೆ ಮೂಲ ಕೋಡ್ ಕೊಡುತ್ತೇನೆ ಎನ್ನುವ ಬರಹದ ಭರವಸೆ ಚೀಟಿ ಹಾಕುತ್ತಿದ್ದೆ. ಜಿಪಿಎಲ್ 2ರ ಪ್ರಕಾರ ಅದು ಕನಿಷ್ಠ 3 ವರ್ಷ ನಡೆಯಬೇಕು. ಅಂದರೆ ಪ್ರತಿ ಆವೃತ್ತಿಯ ಮೂಲವನ್ನೂ 3 ವರ್ಷ ಕಾಪಾಡಬೇಕು. ಇಲ್ಲಿನ ತೇವಕ್ಕೆ ನನ್ನ ಒಂದು ಹಾರ್ಡ್‌ಡಿಸ್ಕ್ ಸತ್ತೇ ಹೋಯಿತು. ಈಗ 32 ಜಿಬಿ ಡ್ರೈವ್‌ನಲ್ಲಿ ಮೂಲವನ್ನೂ ಜೊತೆಗೇ ಕೊಡುತ್ತೇನೆ. ಡ್ರೈವ್‌ಗೆ 90 ರೂಪಾಯಿಯಷ್ಟು ಜಾಸ್ತಿ ಬಿತ್ತು, ಬೆಲೆ 450 ಮಾಡಿದೆ. ಎರಡು ಶಾಲೆ ಬಿಟ್ಟರೆ ಯಾರೂ ಚೌಕಾಸಿ ಮಾಡಲಿಲ್ಲ.

ವೈಫೈಯಂಥ ಚಿಪ್‌ಗಳು ಕೆಲಸ ಮಾಡಲು ಬೇಕಾದ ಫರ್ಮ್‌ವೇರ್ ಇನ್ನೊಂದು ತಲೆನೋವಾಗಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಅದಕ್ಕೇ ಒಂದು ಬೇರೆ ವಿಭಾಗ ಮಾಡಿದ್ದು ನನಗೆ ದೊಡ್ಡ ಉಪಕಾರ. ಆದರೂ ಹಳೆ ಬ್ರಾಡ್‌ಕಾಮ್ ವೈಫೈ ಚಿಪ್‌ಗಳ ಫರ್ಮ್‌ವೇರನ್ನು ಇನ್‌ಸ್ಟಾಲರೇ ನೆಟ್‌ನಿಂದ ತರಬೇಕು. ಇದನ್ನು ಡ್ರೈವ್ ತೆರೆದಾಗ ಮೊದಲು ಕಾಣುವ ಪುಟದಲ್ಲೇ ಬರೆದೆ: ಇದು ಇಲ್ಲಿ ಯಾಕಿಲ್ಲ, ನೆಟ್ ಇದ್ದಾಗ ಏನು ಮಾಡಬೇಕು. ವಾರಕ್ಕೆ ಹತ್ತು ಬರುತ್ತಿದ್ದ ಫೋನ್ ಎರಡಕ್ಕೆ ಇಳಿಯಿತು. ನಿರ್ಬಂಧ ಬರೆದಿಡುವುದು ವಕೀಲರಿಗೆ ಮಾತ್ರ ಅಲ್ಲ, ಮೇಷ್ಟ್ರಿಗೂ ಬೇಕು ಅಂತ ಅವತ್ತು ಅರ್ಥವಾಯಿತು.

ಆ ಖುಷಿಯಲ್ಲಿ ಎಲ್ಲ ನಿರ್ಬಂಧಗಳನ್ನೂ ಕನ್ನಡಕ್ಕೆ ತರಲು ಹೋದೆ. ವಾಣಿಜ್ಯ ಬಳಕೆ ಬೇಡ ಅನ್ನುವುದಕ್ಕೆ "ದುಡ್ಡು ತಗೊಂಡು ಕೊಡಬಾರದು" ಅಂತ ಬರೆದಿದ್ದೆ. ಮೇಷ್ಟ್ರಾಗಿದ್ದ ನಮ್ಮ ಮಾವ ಓದಿ, "ದುಡ್ಡು ತಗೊಳ್ಳದೆ ಜಾಹೀರಾತಿಗೆ ಬಳಸಿದ್ರೆ ಸರೀನಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಮೂಲ ವಾಕ್ಯ ಮೇಲೆ, ಕನ್ನಡ ಕೆಳಗೆ, ಮೂಲವೇ ಅಂತಿಮ ಅಂತ ಒಂದು ಸಾಲು. ಡ್ರೈವ್ ಮೇಲೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿಯೂ ನೋಡಿದೆ, ಆಗಸ್ಟ್ ಹೊತ್ತಿಗೆ ಎಲ್ಲ ಎದ್ದು ಬಂದವು. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ಬಳಸಿದ್ದೇನೆ. ಅದರ ಋಣವನ್ನು ನಕ್ಷೆಯ ಮೂಲೆಯಲ್ಲೇ ಕಾಣುವ ಹಾಗೆ ಹಾಕಿದೆ. ಲೇಖಕರಿಗೆ 11 ಪತ್ರ ಬರೆದಿದ್ದೆ. ಏಳು ಜನ ಉತ್ತರಿಸಿದರು, ನಾಲ್ವರು ಲೈಸೆನ್ಸನ್ನೇ ಬದಲಿಸಿದರು. ಅದರಲ್ಲಿ ಒಬ್ಬರಿಗೆ ತಮ್ಮ ಆಟದ ಶಬ್ದದ ಫೈಲ್‌ಗಳು ಬೇರೆಯವರದ್ದು ಅಂತಲೇ ಗೊತ್ತಿರಲಿಲ್ಲ. ಆ ನಾಲ್ಕು ಪತ್ರಗಳನ್ನು ಅಚ್ಚು ಹಾಕಿ ಪುಸ್ತಕಕ್ಕೆ ಅಂಟಿಸಿದ್ದೇನೆ.

ಕುಶಾಲನಗರದ ಗೆಳೆಯನೊಬ್ಬ ಇವತ್ತಿಗೂ ಕೇಳುತ್ತಾನೆ: "ಕೊಡಗಿನ ಮೂಲೇಲಿ ಕೂತು ಮಾಡಿದ್ದಕ್ಕೆ ಯಾರಣ್ಣ ಕೇಸ್ ಹಾಕ್ತಾರೆ?" ಯಾರೂ ಹಾಕಲಿಕ್ಕಿಲ್ಲ. ಆದರೆ ಯಾರೋ ರಾತ್ರಿ ಕೂತು ಬರೆದದ್ದನ್ನು ನಾನು ಇಲ್ಲಿ ಮಾರುತ್ತೇನೆ. ಅವರು ಕೇಳಿದ್ದು ಒಂದೆರಡು ಷರತ್ತು ಮಾತ್ರ. ಅದನ್ನು ಓದಿ ಒಂದು ಕಡೆ ಬರೆದಿಡಲೂ ನನಗೆ ಆಗದಿದ್ದರೆ ಈ ಕೆಲಸ ನನಗೆ ಬೇಡ ಅಂತ ಅವನಿಗೆ ಹೇಳಿದ್ದೇನೆ.

ಮೊದಲ ಸಲ ಪುಸ್ತಕ ಮುಗಿಸಲು ಮೂರು ತಿಂಗಳು ಹಿಡಿಯಿತು. ಈ ಸಲ ಡೆಬಿಯನ್ 13ಕ್ಕೆ ಏರುವಾಗ ಹಳೆ ಸಾಲುಗಳ ಜೊತೆ ಹೋಲಿಸಿ ಬದಲಾದವನ್ನಷ್ಟೇ ತೆರೆದು ನೋಡಿದೆ. ಒಂಬತ್ತು ಸಂಜೆ ಸಾಕಾಯಿತು. 20ಕ್ಕೂ ಹೆಚ್ಚು ಸಾಲು ಬದಲಾದವು, ಎರಡು ಐಕಾನ್ ಸೆಟ್ ಹೊರಗೆ ಹೋದವು. ಅಪ್ಪ ಪ್ರತಿ ಪುಟದ ಕೆಳಗೆ ಸಹಿ ಹಾಕಿ ಕೊಟ್ಟರು. ಅದೇ ಕಂಪನಿಗೆ ಹೋಗಬೇಕಾದ 400 ಡ್ರೈವ್‌ಗಳಲ್ಲಿ 250 ಪ್ಯಾಕ್ ಆಗಿವೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಒಳಗೆ ಉಳಿದವನ್ನೂ ಕಳಿಸುತ್ತೇನೆ.